ಹಾಡೋ ಮಷೀನ್ ಕೊಂದು ಶೋಪೀಸ್ ಮಾಡ್ಬೇಕಾ?

ಕೆಫೆಗಳಲ್ಲಿ, ಹೋಟೆಲ್ ಲಾಬಿಗಳಲ್ಲಿ ಹಿತ್ತಾಳೆ ಹಾರ್ನಿನ ಗ್ರಾಮಫೋನ್ ನೋಡಿರ್ತೀರಿ. ಪಕ್ಕದಲ್ಲಿ ನಿಂತು ಸೆಲ್ಫಿಯನ್ನೂ ತಗೊಂಡಿರ್ತೀರಿ. ‘ಆಂಟಿಕ್’ ಅಂತ ಮಾರಾಟವಾಗೋ ಇಂಥವುಗಳಲ್ಲಿ ಎಷ್ಟೋ ಹೊಸದಾಗಿ ಜೋಡಿಸಿದವು. ಹೊಸ ಪೆಟ್ಟಿಗೆ, ಹೊಸ ಹಾರ್ನ್, ಮೇಲೊಂದು ನಾಯಿ ಚಿತ್ರದ ಸ್ಟಿಕ್ಕರ್. ಒಳಗೆ ಮಾತ್ರ ಯಾವುದೋ ಹಳೇ ಮಷೀನಿನಿಂದ ಕಿತ್ತು ತಂದ ಮೋಟಾರ್.

ನನ್ನ ತಕರಾರು ಇರೋದು ಆ ‘ಕಿತ್ತು ತಂದ’ ಅನ್ನೋದರ ಬಗ್ಗೆ. ಎಚ್‌ಎಂವಿ 102ರಂಥ ಸೂಟ್‌ಕೇಸ್ ಮಾದರಿಯ ಗ್ರಾಮಫೋನಿನಲ್ಲಿ ಹಾರ್ನ್ ಪೆಟ್ಟಿಗೆಯ ಒಳಗೇ ಅಡಗಿರುತ್ತೆ. ಹೊರಗಿಂದ ನೋಡಿದರೆ ಕರೀ ಪೆಟ್ಟಿಗೆ ಅಷ್ಟೇ, ಫೋಟೋಗೆ ಚೆನ್ನಾಗಿರಲ್ಲ. ಹಾಗಾಗಿ ಹಾಡಬಲ್ಲ ಮಷೀನನ್ನೇ ಬಿಚ್ಚಿ, ನೆಟ್ಟಗೆ ಹಾಡದ ಶೋಪೀಸ್ ಮಾಡ್ತಾರೆ. ಕೊಳ್ಳೋರು ಇರೋವರೆಗೂ ಇದು ನಿಲ್ಲಲ್ಲ.

ಇಂಜಿನಿಯರಿಂಗ್ ಓದೋ ನಾವು ಇದಕ್ಕೆ ಯಾಕೆ ತಲೆ ಕೆಡಿಸ್ಕೋಬೇಕು? ಆ ಪೆಟ್ಟಿಗೆಯೊಳಗೆ ನಮ್ಮ ಸಿಲಬಸ್ಸೇ ಇದೆ. ಕೀ ಕೊಟ್ಟಾಗ ಉಕ್ಕಿನ ಸ್ಪ್ರಿಂಗ್ ಶಕ್ತಿಯನ್ನ ಕೂಡಿಟ್ಟುಕೊಳ್ಳುತ್ತೆ. ವೇಗ ಹೆಚ್ಚಾದರೆ ಗವರ್ನರಿನ ತೂಕಗಳು ಹೊರಕ್ಕೆ ಸರಿದು, ಡಿಸ್ಕನ್ನು ಎಳೆದು ಪ್ಯಾಡಿಗೆ ತಾಗಿಸುತ್ತವೆ. ಹೀಗೆ ತಟ್ಟೆ ನಿಮಿಷಕ್ಕೆ 78 ಸುತ್ತಿನಲ್ಲಿ ನಿಲ್ಲುತ್ತೆ. ಸೂಜಿಯ ನಡುಕವನ್ನ ಸೌಂಡ್‌ಬಾಕ್ಸಿನ ಡಯಾಫ್ರಮ್ ಗಾಳಿಗೆ ದಾಟಿಸುತ್ತೆ. ಕರೆಂಟೂ ಇಲ್ಲ, ಆಂಪ್ಲಿಫೈಯರೂ ಇಲ್ಲ. 1902ರಲ್ಲಿ ಕಲ್ಕತ್ತಾದಲ್ಲಿ ರೆಕಾರ್ಡಿಗೆ ಹಾಡಿದ ಗೌಹರ್ ಜಾನ್ ಕೊನೆಯ ದಿನಗಳನ್ನ ಕಳೆದು, 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ. ಅವರ ದನಿ ಇವತ್ತು ಮೊಬೈಲಲ್ಲೂ ಸಿಗುತ್ತೆ, ನಿಜ. ಆದ್ರೆ ಅಂದಿನ ಮನೆಗಳಲ್ಲಿ ಅದು ಹೇಗೆ ಕೇಳಿಸ್ತಿತ್ತು ಅಂತ ತಿಳಿಯೋಕೆ ಅಂದಿನ ಮಷೀನೇ ಬೇಕು.

‘ಗುಜರಿಗೆ ಹೋಗೋದಕ್ಕಿಂತ ಶೋಪೀಸ್ ಆಗೋದೇ ವಾಸಿ ಅಲ್ವಾ?’ ಅಂತ ಕೇಳಬಹುದು. ತೀರಾ ಮುರಿದ ಮಷೀನಿನ ಭಾಗ ಇನ್ನೊಂದು ಮಷೀನನ್ನ ಹಾಡಿಸಿದರೆ ಖಂಡಿತ ಒಳ್ಳೇದು. ಅಲಂಕಾರಕ್ಕೆ ಅಂತ ಗಟ್ಟಿಮುಟ್ಟಾದದ್ದನ್ನೇ ಬಿಚ್ಚೋದು ಬೇರೆ ಮಾತು.

ನಮ್ಮಿಂದ ಆಗೋ ಕೆಲಸ ಇದೆ. ಹಳೇ ಸೌಂಡ್‌ಬಾಕ್ಸುಗಳಲ್ಲಿ ರಬ್ಬರ್ ಗ್ಯಾಸ್ಕೆಟ್ ಕಲ್ಲಿನಂತೆ ಗಟ್ಟಿಯಾಗಿರುತ್ತೆ, ಸಣ್ಣ ಸ್ಕ್ರೂಗಳು ಕಳೆದಿರುತ್ತವೆ. ಅಳತೆ ತೆಗೆದು, ಡ್ರಾಯಿಂಗ್ ಮಾಡಿ, ವರ್ಕ್‌ಶಾಪಿನಲ್ಲಿ ಹೊಸದು ಮಾಡೋಕೆ ನಮಗೆ ಬರಲ್ವಾ? ಎರಡೇ ನಿಯಮ ಇಟ್ಕೊಳ್ಳೋಣ: ತೆಗೆದ ಹಳೇ ಭಾಗವನ್ನ ಎಸೆಯದೆ ಚೀಟಿ ಅಂಟಿಸಿ ಇಡೋದು, ಹಾಕಿದ ಭಾಗದ ಮೇಲೆ ಹೊಸದು ಅಂತ ಗುರುತು ಮಾಡೋದು.

ಮುಂದಿನ ರಜೆಗೆ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಗ್ರಾಮಫೋನ್ ಸಿಕ್ಕರೆ ಉಜ್ಜಿ ಪಾಲಿಷ್ ಮಾಡೋಕೆ ಹೋಗ್ಬೇಡಿ. ಸ್ಪ್ರಿಂಗ್ ಡಬ್ಬಿಯನ್ನಂತೂ ನೀವೇ ಬಿಚ್ಚಬೇಡಿ, ಚಿಮ್ಮಿದರೆ ಕೈ ಕುಯ್ಯುತ್ತೆ. ಪ್ಲೇಟುಗಳನ್ನ ಸ್ಪಿರಿಟ್‌ನಿಂದ ಒರೆಸಬೇಡಿ, ಅದರಲ್ಲಿರೋ ಅರಗು ಕರಗುತ್ತೆ. ನಾಲ್ಕು ಫೋಟೋ ತೆಗೆದು, ಗುಜರಿಯವರು ಬರೋ ಮುಂಚೆ ಅದನ್ನ ಕಾಲೇಜಿಗೆ ತನ್ನಿ. ಬಿಚ್ಚೋದು ಬೇಕೋ ಬೇಡ್ವೋ ಅಂತ ಎಲ್ಲ ಸೇರಿ ನೋಡೋಣ.