ನಾಯಿಯ ಮುಂಗಾಲು ನೋಡಿದ್ದೀರಾ?

ಚನ್ನಗಿರಿಯ ಅಡಿಕೆ ತೋಟದ ಕಾವಲಿಗೆ, ಹೊನ್ನಾಳಿ, ನ್ಯಾಮತಿಯ ಮನೆಯಂಗಳಕ್ಕೆ, ಜಗಳೂರು ಸೀಮೆಯ ಕುರಿಮಂದೆಗೆ, ಎಲ್ಲಕ್ಕೂ ನಾಯಿ ಬೇಕು. ಮರಿ ತರುವಾಗ ಬಣ್ಣ ನೋಡುತ್ತಾರೆ, ಬಾಲ ನೋಡುತ್ತಾರೆ, ಉಗುರು ಎಣಿಸುವವರೂ ಇದ್ದಾರೆ. ಮುಂಗಾಲು ನೋಡುವವರು ಮಾತ್ರ ಕಡಿಮೆ. ಆದರೆ ನಾಯಿ ಹೇಗೆ ನಿಲ್ಲುತ್ತದೆ, ಹೇಗೆ ನಡೆಯುತ್ತದೆ ಎಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ.

ನಿಂತ ನಾಯಿಯ ಮೈಭಾರದಲ್ಲಿ ಸುಮಾರು ಶೇ 60ರಷ್ಟು ಮುಂಗಾಲುಗಳ ಮೇಲೆ ಬೀಳುತ್ತದೆ. ತಲೆ, ಕುತ್ತಿಗೆ, ಎದೆ ಎಲ್ಲವೂ ಮುಂದೆಯೇ ಇವೆಯಲ್ಲ! ಇಷ್ಟು ಭಾರ ಹೊರುವ ಈ ಕಾಲು ಮೈಗೆ ಮೂಳೆಯ ಕೀಲಿನಿಂದ ಜೋಡಣೆಯಾಗಿಲ್ಲ ಎಂಬುದೇ ಸೋಜಿಗ. ಮನುಷ್ಯನ ತೋಳನ್ನು ಎದೆಗೂಡಿಗೆ ಸೇರಿಸುವ ಕೊರಳೆಲುಬು ನಾಯಿಗೆ ಹೆಸರಿಗಷ್ಟೇ ಉಂಟು. ಎರಡು ಹೆಗಲೆಲುಬುಗಳ ನಡುವೆ ಎದೆಗೂಡು ಸ್ನಾಯುಗಳ ಜೋಲಿಯಲ್ಲಿ ತೂಗುತ್ತಿರುತ್ತದೆ. ನಾಯಿ ಕಟ್ಟೆಯಿಂದ ಜಿಗಿದಾಗ ಆಗುವ ಕುಲುಕನ್ನು ಈ ಜೋಲಿಯೇ ಹೀರಿಕೊಳ್ಳುತ್ತದೆ.

ಹೆಗಲೆಲುಬು ಹಿಂದಕ್ಕೆ ಓರೆಯಾಗಿದ್ದು, ಅದರ ಕೆಳಗಿನ ತೋಳೆಲುಬು ಸಾಕಷ್ಟು ಉದ್ದವಿದ್ದರೆ, ಪಾದ ಎದೆಯ ಕೆಳಗೆ ಸರಿಯಾಗಿ ಊರುತ್ತದೆ, ಹೆಜ್ಜೆಯೂ ಉದ್ದವಾಗುತ್ತದೆ. ಹೆಗಲು ತೀರಾ ನೆಟ್ಟಗಿದ್ದರೆ ಹೆಜ್ಜೆ ಗಿಡ್ಡ. ಅಷ್ಟೇ ದೂರಕ್ಕೆ ಹೆಚ್ಚು ಹೆಜ್ಜೆ, ಹೆಚ್ಚು ದಣಿವು. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ನಮ್ಮ ಮುಧೋಳ ನಾಯಿಯದು ಆಳವಾದ ಎದೆ, ಉದ್ದನೆಯ ನೇರ ಮುಂಗಾಲು. ಇಂಥ ಬೇಟೆನಾಯಿ ನಾಗಾಲೋಟದಲ್ಲಿರುವಾಗ ಒಂದೊಂದು ಸುತ್ತಿನಲ್ಲೂ ಎರಡು ಬಾರಿ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಡ್ಯಾಷ್‌ಹುಂಡ್‌ನ ಗಿಡ್ಡ ಕಾಲು ತಳಿಯ ಗುಣ; ಅದರಿಂದ ಈ ಓಟ ನಿರೀಕ್ಷಿಸಬಾರದು.

ವಿದ್ಯಾರ್ಥಿಗಳು ರಜೆಯಲ್ಲಿ ಇದನ್ನು ಪರೀಕ್ಷಿಸಬಹುದು. ಬೀದಿನಾಯಿಯ ತಂಟೆ ಬೇಡ, ಮನೆಯದೇ ನಾಯಿ ಇರಲಿ. ಹಿರಿಯರೊಬ್ಬರು ಹಗ್ಗ ಸಡಿಲ ಹಿಡಿದು ಅದನ್ನು ನೇರ ಎದುರಿಗೆ ನಡೆಸಿಕೊಂಡು ಬರಲಿ. ಕುಕ್ಕುಲೋಟದಲ್ಲಿ ಬಲ ಮುಂಗಾಲಿನ ಜತೆ ಎಡ ಹಿಂಗಾಲು ಏಳುತ್ತದೆ. ವೇಗ ಹೆಚ್ಚಿದಂತೆ ಪಾದಗಳು ನಡುಗೆರೆಯತ್ತ ಸರಿಯುತ್ತವೆ. ಇದು ದೋಷವಲ್ಲ, ಸಮತೋಲನದ ಉಪಾಯ. ಆದರೆ ಒಂದು ಪಾದ ಇನ್ನೊಂದನ್ನು ದಾಟಿ ಬಿದ್ದರೆ, ಮೊಣಕೈ ಹೊರಕ್ಕೆ ಚಾಚಿದರೆ, ಪಾದ ಹುಟ್ಟುಹಾಕಿದಂತೆ ಬೀಸಿದರೆ ಗಮನಿಸಬೇಕು. ನೋವಿರುವ ಮುಂಗಾಲು ನೆಲಕ್ಕೆ ತಾಗಿದಾಗ ನಾಯಿ ತಲೆ ಮೇಲೆತ್ತುತ್ತದೆ. ಸರಿಯಿರುವ ಕಾಲು ಊರಿದಾಗ ತಲೆ ತಗ್ಗುತ್ತದೆ. ಮಾತು ಬಾರದ ಪ್ರಾಣಿ ನೋವನ್ನು ಹೇಳುವುದು ಹೀಗೆ.

ಇನ್ನು ಪೋಷಕರು ತಿಳಿಯಬೇಕಾದದ್ದು. ಮರಿಯ ಕಾಲು ಬಾಗಿದರೆ ‘ಹುಟ್ಟೇ ಹಾಗೆ’ ಎಂದು ಕೈಬಿಡುವವರಿದ್ದಾರೆ. ಎಷ್ಟೋ ಸಲ ಅದು ಹುಟ್ಟಿನದಲ್ಲ, ತಟ್ಟೆಯದು. ಬರೀ ಅನ್ನ ಸಾರು ಉಂಡ ಮರಿಗೆ ಮೂಳೆ ಗಟ್ಟಿಯಾಗಲು ಬೇಕಾದ ಕ್ಯಾಲ್ಸಿಯಂ ಸಿಗುವುದಿಲ್ಲ. ಬರೀ ಮಾಂಸ ತಿಂದರೂ ಅಷ್ಟೆ. ಮನುಷ್ಯನಂತೆ ಬಿಸಿಲಿನಿಂದ ಸಾಕಷ್ಟು ‘ಡಿ’ ಜೀವಸತ್ವ ತಯಾರಿಸಿಕೊಳ್ಳಲು ನಾಯಿಗೆ ಆಗದು. ಅದೂ ಆಹಾರದಿಂದಲೇ ಬರಬೇಕು. ಹಾಗೆಂದು ಅಂಗಡಿಯ ಕ್ಯಾಲ್ಸಿಯಂ ಮಾತ್ರೆ ಸುರಿಯುವುದೂ ತಪ್ಪು. ದೊಡ್ಡ ತಳಿಯ ಮರಿಗಳಿಗೆ ಅತಿಯಾದರೂ ಮೂಳೆ ಕೆಡುತ್ತದೆ.

ಮತ್ತೊಂದು ಕಾರಣ ಪೆಟ್ಟು. ಮುಂಗೈಯಲ್ಲಿ ಜೋಡಿ ಎಲುಬುಗಳಿವೆ. ಬಿದ್ದೋ ಬೈಕು ತಾಗಿಯೋ ಒಂದರ ಬೆಳವಣಿಗೆ ನಿಂತು ಇನ್ನೊಂದು ಬೆಳೆಯುತ್ತಲೇ ಹೋದರೆ, ಕಾಲು ಬಿಲ್ಲಿನಂತೆ ಬಾಗಿ ಪಾದ ಹೊರಳುತ್ತದೆ. ಕುಂಟು ನಾಲ್ಕು ದಿನಕ್ಕೆ ಮಾಯವಾಗಿ, ಸೊಟ್ಟ ಕೆಲವು ವಾರಗಳ ಮೇಲೆ ಕಾಣಿಸಬಹುದು.

ಹೆಚ್ಚಿನ ನಾಯಿಗಳ ಮೂಳೆಯ ಬೆಳವಣಿಗೆ ಒಂದು ವರ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ. ತಿದ್ದಲು ಇರುವ ಕಾಲ ಅಷ್ಟೇ. ಆದ್ದರಿಂದ ಮರಿಯ ಕಾಲಿನಲ್ಲಿ ಬಾಗು ಕಂಡ ವಾರವೇ ಅದನ್ನು ಪಶು ಆಸ್ಪತ್ರೆಗೆ ಕರೆದೊಯ್ಯುವುದು ಲೇಸು. ಬಾಗನ್ನು ಮೊದಲು ಕಾಣುವವರು ದಿನವೂ ಅದರೊಡನೆ ಆಡುವ ಮಕ್ಕಳೇ. ಅವರು ಹೇಳಿದಾಗ ಹಿರಿಯರು ಒಮ್ಮೆ ಬಗ್ಗಿ ನೋಡಬೇಕು.