ಬೇರು ಕೀಳಲು ಹಣ ಕೊಡುವ ದೇಶ

ಒಂದು ಹೆಕ್ಟೇರ್ ದ್ರಾಕ್ಷಿ ತೋಟವನ್ನು ಬುಡಸಮೇತ ಕಿತ್ತು ಹಾಕಿದರೆ 4,000 ಯೂರೊ. ನೆಟ್ಟಿದ್ದಕ್ಕಲ್ಲ, ಕಿತ್ತಿದ್ದಕ್ಕೆ. 2024ರಲ್ಲಿ ಫ್ರಾನ್ಸ್ ಸರ್ಕಾರ ತನ್ನ ರೈತರ ಮುಂದಿಟ್ಟ ಯೋಜನೆ ಇದು. ಗರಿಷ್ಠ 30,000 ಹೆಕ್ಟೇರ್, ಒಟ್ಟು 120 ಮಿಲಿಯನ್ ಯೂರೊ. ಅದೂ ಸಾಲದೆ 2025ರ ನವೆಂಬರ್‌ನಲ್ಲಿ ಇದೇ ಕೆಲಸಕ್ಕೆ ಇನ್ನೂ 130 ಮಿಲಿಯನ್ ಯೂರೊ ಘೋಷಿಸಿತು. ವೈನ್ ಅಂದರೆ ಫ್ರಾನ್ಸ್, ಫ್ರಾನ್ಸ್ ಅಂದರೆ ವೈನ್ ಎಂದು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಓದಿಕೊಂಡು ಬಂದ ನನಗೆ ಈ ಸುದ್ದಿ ಮೊದಲು ಅಚ್ಚಿನ ತಪ್ಪು ಅನ್ನಿಸಿತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ವೈನ್ ರುಚಿ ನೋಡಿದವನಲ್ಲ. ಇದನ್ನು ಓದಿ ಯಾರಾದರೂ ನೋಡಲಿ ಎಂಬ ಆಸೆಯೂ ಇಲ್ಲ. ಆದರೆ ವಿಜಯಪುರದ ಕಡೆಯವನಾದ್ದರಿಂದ ದ್ರಾಕ್ಷಿಯ ಚಾಟ್ನಿ, ಔಷಧ ಹೊಡೆಯುವುದು, ಮಣೂಕದ ದರ ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದಿದ್ದೇನೆ. ಬಳ್ಳಿ ಕಿತ್ತರು ಅಂದರೆ ಆ ಮನೆಯಲ್ಲಿ ಏನಾಗಿರುತ್ತದೆ ಎಂಬುದು ಗೊತ್ತು. ಹಾಗಾಗಿ ಅಲ್ಲಿ ಏನಾಗುತ್ತಿದೆ ಎಂದು ಹುಡುಕಿಕೊಂಡು ಹೋದೆ.

ಫ್ರೆಂಚ್ ವೈನ್ ಬಾಟಲಿಯ ಮೇಲೆ ಸಾಮಾನ್ಯವಾಗಿ ದ್ರಾಕ್ಷಿಯ ತಳಿಯ ಹೆಸರು ಇರುವುದಿಲ್ಲ, ಊರಿನ ಹೆಸರಿರುತ್ತದೆ. ಬೋರ್ಡೊ, ಷಾಂಪೇನ್, ಷಾಬ್ಲಿ, ಸಾನ್ಸೇರ್ ಇವೆಲ್ಲ ಊರು ಅಥವಾ ಪ್ರಾಂತ್ಯಗಳು. ಮಣ್ಣು, ಇಳಿಜಾರು, ಗಾಳಿ, ಮಳೆ, ಅಲ್ಲಿನವರ ಕೈಕೆಲಸ ಎಲ್ಲ ಸೇರಿದ್ದಕ್ಕೆ ಅವರು 'ತೆರ್ವಾರ್' ಅನ್ನುತ್ತಾರೆ. ನಮಗೆ ಇದು ಹೊಸದೇನಲ್ಲ. ಉಡುಪಿಯ ಮಟ್ಟು ಊರಿನ ಗುಳ್ಳವನ್ನು ಬೇರೆ ಕಡೆ ಬೆಳೆದರೆ ಅದು ಮಟ್ಟುಗುಳ್ಳ ಆಗುವುದಿಲ್ಲ. ನಂಜನಗೂಡು ರಸಬಾಳೆಯದೂ ಅದೇ ಕಥೆ. ಈ ಎರಡಕ್ಕೂ ಇರುವ ಭೌಗೋಳಿಕ ಸೂಚಿಕೆ ಅಂದರೆ ಜಿಐ ಮಾನ್ಯತೆಯ ಹಿಂದಿರುವ ಯೋಚನೆಯೂ ಇದೇ. ಫ್ರೆಂಚರು 1935ರಲ್ಲೇ ಇದಕ್ಕೊಂದು ಕಾನೂನು ಮಾಡಿದರು. ಆ ವ್ಯವಸ್ಥೆಗೆ ಎಒಸಿ ಎಂದು ಹೆಸರು. ಇಂಥ ಊರಿನ ಹೆಸರು ಹಾಕಬೇಕಾದರೆ ಇಂಥ ಗಡಿಯೊಳಗೆ, ಇಂಥ ತಳಿಯನ್ನೇ ಬೆಳೆಯಬೇಕು, ಹೀಗೇ ಸವರಬೇಕು, ಹೆಕ್ಟೇರ್‌ಗೆ ಇಷ್ಟಕ್ಕಿಂತ ಹೆಚ್ಚು ಇಳುವರಿ ತೆಗೆಯಬಾರದು. ನೀರು ಹಾಯಿಸುವುದಕ್ಕೂ ನಿರ್ಬಂಧವಿದೆ. ಡ್ರಿಪ್ ಇಲ್ಲದೆ ದ್ರಾಕ್ಷಿಯನ್ನು ಊಹಿಸಿಕೊಳ್ಳಲಾಗದ ನಮ್ಮೂರಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ.

ಪ್ರದೇಶಗಳಲ್ಲಿ ಮೊದಲು ಬೋರ್ಡೊ. ದೇಶದ ನೈಋತ್ಯದಲ್ಲಿ ಗರೋನ್ ಮತ್ತು ದೋರ್ದೋನ್ಯ್ ನದಿಗಳು ಸೇರಿ ಜಿರೋಂದ್ ಅಳಿವೆಯಾಗುವ ಜಾಗ. ಎಡದಂಡೆಯ ಮೆದೋಕ್‌ನಲ್ಲಿ ಗರಸು ನೆಲ, ನೀರು ಬೇಗ ಬಸಿದು ಹೋಗುತ್ತದೆ, ಕಲ್ಲು ಬಿಸಿಲನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿಧಾನವಾಗಿ ಹಣ್ಣಾಗುವ ಕ್ಯಾಬರ್ನೆ ಸೊವಿನ್ಯೋಂಗೆ ಅದು ಸರಿ. ಬಲದಂಡೆಯಲ್ಲಿ ಜೇಡಿ ಮಣ್ಣು ಹೆಚ್ಚು, ಅಲ್ಲಿ ಮೆರ್ಲೋ. 1855ರಲ್ಲಿ ಪ್ಯಾರಿಸ್‌ನ ಮಹಾ ಪ್ರದರ್ಶನಕ್ಕಾಗಿ ಮೂರನೇ ನೆಪೋಲಿಯನ್ ಇಲ್ಲಿನ ವೈನ್‌ಗಳ ದರ್ಜೆಪಟ್ಟಿ ಕೇಳಿದ. ದಲ್ಲಾಳಿಗಳು ಆಗಿನ ಮಾರುಕಟ್ಟೆ ದರ ನೋಡಿ ಕೆಂಪು ವೈನ್‌ಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿಕೊಟ್ಟರು. ಆ ಪಟ್ಟಿ ಇವತ್ತಿಗೂ ಚಾಲ್ತಿಯಲ್ಲಿದೆ! ಅದರಲ್ಲಿ ಆದ ದೊಡ್ಡ ಬದಲಾವಣೆ ಒಂದೇ, 1973ರಲ್ಲಿ ಮೂಟಾನ್ ರಾಥ್‌ಶೀಲ್ಡ್ ಎರಡನೇ ದರ್ಜೆಯಿಂದ ಮೊದಲನೆಯದಕ್ಕೆ ಏರಿತು. ಒಂದು ಸೆಮಿಸ್ಟರ್‌ನಲ್ಲಿ ಬಂದ ರ‍್ಯಾಂಕ್ 170 ವರ್ಷ ಉಳಿದರೆ ಹೇಗಿರುತ್ತದೆ ಯೋಚಿಸಿ.

ಆ ಪಟ್ಟಿಯಲ್ಲಿರುವ ಕೆಲವೇ ಡಜನ್ ಎಸ್ಟೇಟುಗಳ ಹೆಸರನ್ನಷ್ಟೇ ಜಗತ್ತು ಬೋರ್ಡೊ ಎಂದುಕೊಂಡಿದೆ. ಉಳಿದ ಸಾವಿರಾರು ರೈತರು ಸಗಟಾಗಿ ಮಾರುವ ವೈನ್‌ಗೆ ಲೀಟರಿಗೆ ಒಂದು ಯೂರೊ ಕೂಡ ಸಿಗದ ಸ್ಥಿತಿ ಬಂದಿದೆ. ಎರಡು ನದಿಗಳ ನಡುವೆ 'ಆಂತ್ರ್ ದೋ ಮೇರ್' ಎಂಬ ಪ್ರದೇಶವಿದೆ, ನಮ್ಮ ರಾಯಚೂರು ದೋಆಬ್ ಇದ್ದಹಾಗೆ. ಬಳ್ಳಿ ಕೀಳುವ ಕೆಲಸ ಹೆಚ್ಚು ನಡೆದ ಕಡೆಗಳಲ್ಲಿ ಅದೂ ಒಂದು. 2023ರಲ್ಲಿ ಬೋರ್ಡೊಗೆಂದೇ ಮಾಡಿದ ಪ್ರತ್ಯೇಕ ಯೋಜನೆಯಲ್ಲಿ ಹೆಕ್ಟೇರ್‌ಗೆ 6,000 ಯೂರೊ ಇತ್ತು.

ಪೂರ್ವದ ಬರ್ಗಂಡಿ ಬೇರೆಯೇ ಲೋಕ. ಅಲ್ಲಿ ಮುಖ್ಯವಾಗಿ ಎರಡೇ ತಳಿ, ಕೆಂಪಿಗೆ ಪಿನೋ ನ್ವಾರ್, ಬಿಳಿಗೆ ಷಾರ್ಡೊನೆ. ಆದರೆ ಹೊಲ ಹೊಲಕ್ಕೂ ಹೆಸರು, ಹೊಲ ಹೊಲಕ್ಕೂ ದರ್ಜೆ. ಈ ತುಂಡು ನೆಲಗಳಿಗೆ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಿದೆ. ಕ್ಲೋ ದ ವೂಜೊ ಎಂಬ ಗೋಡೆ ಸುತ್ತಿದ ತೋಟ ಮೊದಲು ಕ್ರೈಸ್ತ ಸನ್ಯಾಸಿಗಳದು. ಸುಮಾರು 50 ಹೆಕ್ಟೇರ್‌ನ ಆ ಒಂದೇ ತೋಟಕ್ಕೆ ಈಗ ಸುಮಾರು 80 ಮಾಲೀಕರು. ಕ್ರಾಂತಿಯ ಕಾಲದಲ್ಲಿ ಸರ್ಕಾರ ಅದನ್ನು ವಶಪಡಿಸಿಕೊಂಡು ಮಾರಿತು, ಆಮೇಲೆ ಮಕ್ಕಳಿಗೆಲ್ಲ ಸಮಪಾಲು ಎಂಬ ನೆಪೋಲಿಯನ್ ಕಾಲದ ಕಾಯ್ದೆ ನೆಲವನ್ನು ಹರಿದು ಹಂಚಿತು. ಹಿಸ್ಸೆ ಆಗಿ ಆಗಿ ನಾಲ್ಕು ಸಾಲು ಬಳ್ಳಿ ಉಳಿದ ಕಥೆ ನಮಗೇನು ಹೊಸದೆ? ಅಲ್ಲಿ ಆ ನಾಲ್ಕು ಸಾಲಿಗೂ ಚಿನ್ನದ ಬೆಲೆ ಎಂಬುದಷ್ಟೇ ವ್ಯತ್ಯಾಸ.

ಷಾಂಪೇನ್‌ನಲ್ಲಿ ನನ್ನನ್ನು ಹಿಡಿದದ್ದು ಅದರ ಭೌತಶಾಸ್ತ್ರ. ಸುಣ್ಣದ ನೆಲದ, ಚಳಿಯ ಉತ್ತರ ಸೀಮೆ ಅದು. ಚಳಿಗೆ ನಿಂತುಹೋದ ಹುದುಗುವಿಕೆ ವಸಂತದಲ್ಲಿ ಬಾಟಲಿಯೊಳಗೇ ಮತ್ತೆ ಶುರುವಾಗಿ ಬಾಟಲಿಗಳು ಸಿಡಿಯುತ್ತಿದ್ದವು. ಆ ದೋಷವನ್ನೇ ನಂತರ ಉದ್ದೇಶಪೂರ್ವಕ ವಿಧಾನವಾಗಿ ಮಾಡಿಕೊಂಡರು. ಬಾಟಲಿಯೊಳಗಿನ ಒತ್ತಡ ಸುಮಾರು ಐದಾರು ಬಾರ್, ಕಾರಿನ ಟೈರಿನ ಎರಡು ಮೂರು ಪಟ್ಟು. ಅದಕ್ಕೇ ಆ ದಪ್ಪ ಗಾಜು, ಬಿರಡೆಯ ಮೇಲೆ ಆ ತಂತಿ. 27ನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ವ್ಯಾಪಾರ ಕೈಗೆತ್ತಿಕೊಂಡ ಮದಾಮ್ ಕ್ಲಿಕೊ, ತಳದ ಗಸಿಯನ್ನು ಬಾಟಲಿಯ ಕತ್ತಿಗೆ ಇಳಿಸಿ ತೆಗೆಯುವ ವಿಧಾನದೊಂದಿಗೆ ಗುರುತಿಸಿಕೊಂಡವರು. ನಮ್ಮ ಉದ್ಯಮಶೀಲತೆಯ ಪಾಠದಲ್ಲಿ ಇವರ ಹೆಸರು ಯಾಕಿಲ್ಲವೋ.

ಜರ್ಮನಿಯ ಗಡಿಯ ಅಲ್ಸಾಸ್ 1871ರಿಂದ 1945ರೊಳಗೆ ನಾಲ್ಕು ಸಲ ದೇಶ ಬದಲಿಸಿತು; ಅಲ್ಲಿ ಮಾತ್ರ ಬಾಟಲಿಯ ಮೇಲೆ ರೀಸ್ಲಿಂಗ್ ಎಂಬಂತೆ ತಳಿಯ ಹೆಸರು ಹಾಕುವ ರೂಢಿ ಉಳಿದಿದೆ. ಲ್ವಾರ್ ನದಿಯ ಉದ್ದಕ್ಕೂ ಹಗುರವಾದ ಬಿಳಿ ವೈನ್. ರೋನ್ ಕಣಿವೆಯ ಉತ್ತರದಲ್ಲಿ ಸಿರಾ, ದಕ್ಷಿಣದಲ್ಲಿ ಗ್ರೆನಾಷ್. ಅಲ್ಲಿನ ಷಾತೊನೊಫ್ ದು ಪಾಪ್ ಎಂಬ ಊರಿನ ಆಡಳಿತ 1954ರಲ್ಲಿ, ತೋಟಗಳಲ್ಲಿ ಹಾರುವ ತಟ್ಟೆಗಳು ಇಳಿಯಬಾರದು ಎಂದು ಗಂಭೀರವಾಗಿ ಆದೇಶ ಹೊರಡಿಸಿತ್ತು. ಅಂದಿನಿಂದ ಒಂದೂ ಇಳಿದಿಲ್ಲವಂತೆ.

ನಾನು ಹೇಳಬೇಕಾದ್ದು ಹೆಚ್ಚಾಗಿ ದಕ್ಷಿಣದ ಲಾಂಗ್‌ದಾಕ್ ಬಗ್ಗೆ. ಮೆಡಿಟರೇನಿಯನ್ ಕರಾವಳಿಯ ಈ ಸೀಮೆ ದೊಡ್ಡ ಹೆಸರಿನದಲ್ಲ, ದೊಡ್ಡ ಪ್ರಮಾಣದ್ದು. ರೈಲು ಬಂದ ಮೇಲೆ ಉತ್ತರದ ಕಾರ್ಖಾನೆ ಕೂಲಿಗಳಿಗೆ ಅಗ್ಗದ ಕೆಂಪು ವೈನ್ ಕಳಿಸಿ ಬದುಕಿದ ಸೀಮೆ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಪುಟ್ಟ ಕೀಟ ಬಳ್ಳಿಗಳ ಬೇರು ಹೀರಿ ಇಡೀ ಫ್ರಾನ್ಸಿನ ತೋಟಗಳನ್ನು ಒಣಗಿಸಿತು. ಈ ಕೀಟವನ್ನು 1868ರಲ್ಲಿ ಗುರುತಿಸಿದವರಲ್ಲಿ ಮೋಂಪೆಲಿಯೆಯ ವಿಜ್ಞಾನಿ ಪ್ಲಾಂಶೋನ್ ಪ್ರಮುಖರು. ಪರಿಹಾರವೂ ಅಮೆರಿಕದಿಂದಲೇ ಬಂತು. ಆ ಕೀಟವನ್ನು ತಡೆದುಕೊಳ್ಳುವ ಅಮೆರಿಕದ ಕಾಡು ಬಳ್ಳಿಯ ಬೇರಿಗೆ ಫ್ರೆಂಚ್ ತಳಿಯ ಕಸಿ ಕಟ್ಟಿದರು. ಇವತ್ತು ಫ್ರಾನ್ಸಿನ ಬಹುಪಾಲು ವೈನ್ ನಿಂತಿರುವುದು ಅಮೆರಿಕದ ಬೇರಿನ ಮೇಲೆ. ನಮ್ಮಲ್ಲಿ ಸವಳು ನೀರು, ಬರ ತಡೆಯಲೆಂದು ಥಾಮ್ಸನ್ ಕಸಿ ಕಟ್ಟುವ ಡಾಗ್‌ರಿಜ್ ಬೇರೂ ಅಮೆರಿಕ ಮೂಲದ್ದೇ.

ಕಸಿ ಗೆದ್ದಿತು, ಆದರೆ ದರ ಬಿತ್ತು. ಇಳುವರಿ ವಿಪರೀತ, ಜೊತೆಗೆ ಸಕ್ಕರೆ ನೀರು ಬೆರೆಸಿದ ಕಲಬೆರಕೆ ವೈನ್, ಅಲ್ಜೀರಿಯಾದಿಂದ ಬರುವ ಸರಕು. 1907ರಲ್ಲಿ ಆರ್ಜೆಲಿಯೆ ಎಂಬ ಹಳ್ಳಿಯ ಹೋಟೆಲಿನವನೂ ದ್ರಾಕ್ಷಿ ಬೆಳೆಗಾರನೂ ಆಗಿದ್ದ ಮಾರ್ಸೆಲಾಂ ಅಲ್ಬೇರ್ ಕೆಲವೇ ಜನರನ್ನು ಕಟ್ಟಿಕೊಂಡು ಹೊರಟ. ಜೂನ್ ಹೊತ್ತಿಗೆ ಮೋಂಪೆಲಿಯೆಯಲ್ಲಿ ಸೇರಿದ್ದು ಐದು ಲಕ್ಷಕ್ಕೂ ಹೆಚ್ಚು ಜನ. ಸರ್ಕಾರ ಸೈನ್ಯ ಕಳಿಸಿತು, ನಾರ್ಬೋನ್‌ನಲ್ಲಿ ಗುಂಡು ಹಾರಿ ಜನ ಸತ್ತರು. 17ನೇ ಪದಾತಿ ದಳದ ಸೈನಿಕರು ಅದೇ ಸೀಮೆಯ ಹುಡುಗರು, ನಮ್ಮ ಅಪ್ಪ ಅಮ್ಮಂದಿರ ಮೇಲೆ ಗುಂಡು ಹಾರಿಸುವುದೆ ಎಂದು ದಂಗೆ ಎದ್ದರು. ಅದೇ ತಿಂಗಳ ಕೊನೆಗೆ ಕಲಬೆರಕೆ ತಡೆಯುವ ಕಾನೂನು ಬಂತು. ಇವತ್ತಿನ ಆ ಕಟ್ಟುನಿಟ್ಟಿನ ಎಒಸಿ ನಿಯಮಗಳಿಗೆ ಹಿನ್ನೆಲೆ ಇಂಥ ರೈತರ ಸಿಟ್ಟು. ಶ್ರೀಮಂತರ ಶೋಕಿಗೆ ಮಾಡಿದ ನಿಯಮಗಳು ಎಂದು ಮೊದಲು ನಾನೂ ಅಂದುಕೊಂಡಿದ್ದೆ.

ಈಗಿನ ಸಂಕಟ ಬೇರೆ ಬಗೆಯದು. 1907ರಲ್ಲಿ ಕುಡಿಯುವವರಿದ್ದರು, ಈಗ ಅವರೇ ಕಡಿಮೆಯಾಗುತ್ತಿದ್ದಾರೆ. 1960ರ ಸುಮಾರಿಗೆ ಒಬ್ಬ ಫ್ರೆಂಚ್ ಪ್ರಜೆಯ ಸರಾಸರಿ ಸೇವನೆ ವರ್ಷಕ್ಕೆ 120 ಲೀಟರ್‌ನಷ್ಟಿತ್ತು, ಈಗ 40ರ ಆಸುಪಾಸು. ಶಾಲೆಯ ಊಟದಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ವೈನ್ ಕೊಡುವಂತಿಲ್ಲ ಎಂದು ಆದೇಶಿಸಬೇಕಾಗಿ ಬಂದದ್ದು 1956ರಲ್ಲಿ ಎಂದರೆ ಅಲ್ಲಿನ ರೂಢಿ ಹೇಗಿತ್ತು ನೋಡಿ! 1991ರ ಎವಾಂ ಕಾನೂನು ಮದ್ಯದ ಜಾಹೀರಾತಿಗೆ ಕಡಿವಾಣ ಹಾಕಿತು. ಕಡಿಮೆ ಕುಡಿಯುತ್ತಿರುವವರಲ್ಲಿ ಮುಂದಿರುವವರು ನನ್ನ ವಯಸ್ಸಿನವರು. ಆರೋಗ್ಯದ ದೃಷ್ಟಿಯಿಂದ ಇದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯ ಬದಲಾವಣೆಯ ಬಿಲ್ಲನ್ನು ಯಾರು ಕಟ್ಟಬೇಕು ಎಂಬ ಪ್ರಶ್ನೆ ಉಳಿಯುತ್ತದೆ. 2023ರಲ್ಲಿ ಮಾರಾಟವಾಗದ ವೈನನ್ನು ಭಟ್ಟಿ ಇಳಿಸಿ ಸ್ಯಾನಿಟೈಸರ್, ಸುಗಂಧದ್ರವ್ಯಕ್ಕೆ ಬಳಸುವ ಸ್ಪಿರಿಟ್ ಮಾಡಲು 200 ಮಿಲಿಯನ್ ಯೂರೊ ಖರ್ಚಿಗೆ ಸರ್ಕಾರ ಮುಂದಾಯಿತು.

ಹೊರಗಿನ ಮಾರುಕಟ್ಟೆಯೂ ಕೈಕೊಟ್ಟಿದೆ. ಚೀನಾದ ಬೇಡಿಕೆ ಇಳಿದಿದೆ. 2025ರ ಮಾರ್ಚ್‌ನಲ್ಲಿ ಟ್ರಂಪ್ ಯುರೋಪಿನ ವೈನ್‌ಗೆ ಶೇ 200 ಸುಂಕದ ಬೆದರಿಕೆ ಹಾಕಿದರು, ಆಗಸ್ಟ್‌ನಿಂದ ಶೇ 15 ಜಾರಿಯಾಯಿತು. ಅಮೆರಿಕದ ಬೇರಿನ ಮೇಲೆ ಬೆಳೆದ ವೈನ್‌ಗೆ ಅಮೆರಿಕದ ಸುಂಕ! ಇತ್ತ ಭಾರತದಲ್ಲಿ 2025ರಲ್ಲಿ ಆಮದು ವೈನ್ ಮೇಲೆ ಶೇ 150 ಸುಂಕವಿತ್ತು. 2007ರಲ್ಲಿ ಶುರುವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಎದ್ದ ಭಾರತ–ಐರೋಪ್ಯ ಒಕ್ಕೂಟದ ವ್ಯಾಪಾರ ಮಾತುಕತೆಯಲ್ಲಿ ಈ ಸುಂಕ ಇಳಿಸುವುದು ಅವರ ಮುಖ್ಯ ಬೇಡಿಕೆಗಳಲ್ಲಿ ಒಂದಾಗಿತ್ತು. ಇದರಿಂದ ಲಾಂಗ್‌ದಾಕ್‌ನ ಸಣ್ಣ ರೈತನಿಗೆ ಹೆಚ್ಚೇನೂ ಸಿಗದು ಎಂಬುದು ನನ್ನ ಅನಿಸಿಕೆ. ಹಡಗಿನ ಬಾಡಿಗೆ, ನಮ್ಮ ರಾಜ್ಯಗಳ ಅಬಕಾರಿ ತೆರಿಗೆ ಎಲ್ಲ ಸೇರಿದ ಮೇಲೆ ಅವನ ಅಗ್ಗದ ವೈನ್ ಇಲ್ಲಿ ಅಗ್ಗವಾಗಿ ಉಳಿಯುವುದಿಲ್ಲ. ಲಾಭ 1855ರ ಪಟ್ಟಿಯವರಿಗೇ. ನಂದಿ ಬೆಟ್ಟದ ತಪ್ಪಲಲ್ಲಿ ಫ್ರೆಂಚ್ ತಳಿ ಬೆಳೆದು ವೈನ್ ಮಾಡುವ ನಮ್ಮವರಿಗೆ ಪೈಪೋಟಿ ಎದುರಾಗುವುದೂ ದುಬಾರಿ ಬಾಟಲಿಗಳ ಸಾಲಿನಲ್ಲೇ.

ಇನ್ನು ಹವಾಮಾನ. ಬರ್ಗಂಡಿಯ ಬೋನ್ ಪಟ್ಟಣದಲ್ಲಿ 1354ರಿಂದ ದ್ರಾಕ್ಷಿ ಕೊಯ್ಲಿನ ದಿನಾಂಕಗಳ ದಾಖಲೆ ಸಿಗುತ್ತದೆ. ಅದನ್ನೆಲ್ಲ ಜೋಡಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1988ರ ನಂತರ ಕೊಯ್ಲು ಹಿಂದಿನದಕ್ಕಿಂತ ಸರಾಸರಿ 13 ದಿನ ಮುಂಚೆ ಬರುತ್ತಿದೆ. ಬೇಗ ಚಿಗುರಿದ ಬಳ್ಳಿಗೆ ಮಂಜಿನ ಅಪಾಯ. 2021ರ ಏಪ್ರಿಲ್‌ನಲ್ಲಿ ರೈತರು ರಾತ್ರಿಯಿಡೀ ತೋಟದ ಸಾಲುಗಳಲ್ಲಿ ಬೆಂಕಿ ಹೊತ್ತಿಸಿ ಚಿಗುರು ಉಳಿಸಲು ಹೆಣಗಿದ ಚಿತ್ರಗಳನ್ನು ನೀವೂ ನೋಡಿರಬಹುದು. ಅದೇ ವರ್ಷ ಬೋರ್ಡೊದಲ್ಲಿ ಸೆಕೆ ತಡೆಯುವ ಆರು ಹೊಸ ತಳಿಗಳಿಗೆ ಅನುಮತಿ ಸಿಕ್ಕಿತು. ಅದೂ ಪೋರ್ಚುಗಲ್‌ನ ಟೂರಿಗ ನಾಸಿಯೊನಾಲ್ ಸೇರಿ! ಆದರೆ ತೋಟದ ಶೇ 5ರಷ್ಟು ಜಾಗದಲ್ಲಿ ಮಾತ್ರ, ಮಿಶ್ರಣದಲ್ಲಿ ಶೇ 10 ಮೀರುವಂತಿಲ್ಲ. ಬರುತ್ತಿರುವ ಬಿಸಿಲಿನ ಲೆಕ್ಕದಲ್ಲಿ ಇದು ತೀರಾ ಜಿಪುಣತನ ಎನ್ನಿಸುತ್ತದೆ. ಷಾಂಪೇನ್‌ನ ತೈತಾಂಜೆ ಕಂಪನಿಯಂತೂ 2015ರಲ್ಲೇ ಇಂಗ್ಲೆಂಡಿನ ಕೆಂಟ್‌ನಲ್ಲಿ ಜಮೀನು ಖರೀದಿಸಿತು. ದುಡ್ಡಿದ್ದವರು ಚಳಿಯ ಕಡೆ ಸರಿಯಬಹುದು, ಐದು ಹೆಕ್ಟೇರ್‌ನವನು ಎಲ್ಲಿಗೆ ಹೋದಾನು?

ಬಳ್ಳಿ ಕಿತ್ತರೆ ಸಮಸ್ಯೆ ಮುಗಿಯುತ್ತದೆ ಎಂಬ ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನು ತೋರಿಸಿದ್ದು ಮತ್ತೆ ಲಾಂಗ್‌ದಾಕ್. 2025ರ ಆಗಸ್ಟ್ 5ರಂದು ಓದ್ ಜಿಲ್ಲೆಯ ಕೊರ್ಬಿಯೇರ್ ಗುಡ್ಡಗಳಲ್ಲಿ ಹೊತ್ತಿದ ಕಾಳ್ಗಿಚ್ಚು ಕೆಲವೇ ದಿನಗಳಲ್ಲಿ ಸುಮಾರು 16,000 ಹೆಕ್ಟೇರ್ ಸುಟ್ಟಿತು. ಒಬ್ಬ ಮಹಿಳೆ ಸತ್ತರು, ಹಳ್ಳಿಗಳು ಖಾಲಿಯಾದವು. ಅಲ್ಬೇರನ ಆರ್ಜೆಲಿಯೆ ಇರುವುದೂ ಇದೇ ಜಿಲ್ಲೆಯಲ್ಲಿ. ಉತ್ತು ಹದ ಮಾಡಿದ, ಹಸಿರು ಬಳ್ಳಿಯ ತೋಟ ಬೆಂಕಿಗೆ ಅಡ್ಡಗಟ್ಟೆಯಾಗಿ ನಿಲ್ಲುತ್ತದೆ. ಕಿತ್ತು ಬೀಳು ಬಿಟ್ಟ ನೆಲದಲ್ಲಿ ಒಣಹುಲ್ಲು, ಕುರುಚಲು ಬೆಳೆದು ಬೆಂಕಿಗೆ ದಾರಿಯಾಗುತ್ತದೆ. ತೋಟಗಳು ಇದ್ದಿದ್ದರೆ ಬೆಂಕಿ ಇಷ್ಟು ಹಬ್ಬುತ್ತಿರಲಿಲ್ಲ ಎಂದು ಅಲ್ಲಿನ ರೈತರು, ಊರಿನ ಮೇಯರ್‌ಗಳು ಹೇಳಿದರು.

ಹೆಕ್ಟೇರ್‌ಗೆ 4,000 ಯೂರೊ ಎಂದು ಲೆಕ್ಕ ಹಾಕಿದವರ ಹಾಳೆಯಲ್ಲಿ ವೈನಿನ ಲೀಟರ್, ದರ, ದಾಸ್ತಾನು ಎಲ್ಲಕ್ಕೂ ಒಂದೊಂದು ಅಂಕಣವಿದ್ದಿರಬೇಕು. ಬಳ್ಳಿ ಬೆಂಕಿಯನ್ನು ತಡೆಯುತ್ತದೆ ಎಂಬುದಕ್ಕೆ ಅಂಕಣವಿರಲಿಲ್ಲ. ಈಗ ಆ ಬೀಳು ನೆಲದಲ್ಲಿ ಕೆಲವರು ಆಲಿವ್, ಪಿಸ್ತಾ, ದಾಳಿಂಬೆ ಹಾಕಿ ನೋಡುತ್ತಿದ್ದಾರೆ. ದಾಳಿಂಬೆಯ ದುಂಡಾಣು ರೋಗದ ಬಗ್ಗೆ ಅವರು ನಮ್ಮ ಜಿಲ್ಲೆಯವರನ್ನು ಒಂದು ಮಾತು ಕೇಳುವುದು ಒಳ್ಳೆಯದು.