ನಮ್ಮ ಬಿಸಿಲಿಗೆ ಬೆಲೆ ಕಟ್ಟುವವರು ಯಾರು?



ನಾವು ಬೆಳೆದ ರಾಗಿಗೆ ಬೆಲೆ ಕಟ್ಟೋನು ಬೇರೆಯವನು. ನಾವು ಕೊಳ್ಳೋ ಗೊಬ್ಬರಕ್ಕೆ ಬೆಲೆ ಕಟ್ಟೋನೂ ಬೇರೆಯವನೇ. ಈಗ ಹೊಲದ ಮೇಲೆ ಬೀಳುವ ಬಿಸಿಲಿಗೂ ಬೆಲೆ ಕಟ್ಟುವ ಕಾಲ ಬಂದಿದೆ. ಇದನ್ನಾದರೂ ಕಣ್ಣು ಬಿಟ್ಟು ನೋಡೋಣ.

ಬಿಸಿಲಿನಿಂದ ಮಾಡಿದ ಕರೆಂಟು ರಾತ್ರಿಗೆ ತಾನಾಗಿ ಉಳಿಯುವುದಿಲ್ಲ. ಕೂಡಿಡಲು ಒಂದು ದಾರಿ, ಅದನ್ನು ನೀರಿಗೆ ಹಾಯಿಸಿ ಜಲಜನಕ ಬೇರ್ಪಡಿಸುವುದು. ಒಂದು ಕಿಲೋಗೆ ಸುಮಾರು 50 ಯೂನಿಟ್ ಕರೆಂಟು, ಕಡಿಮೆ ಎಂದರೂ 9 ಲೀಟರ್ ನೀರು ಬೇಕು. ಈ ಜಲಜನಕವನ್ನು ಗಾಳಿಯ ಸಾರಜನಕದ ಜೊತೆ ಕೂಡಿಸಿದರೆ ಅಮೋನಿಯಾ. ಯೂರಿಯಾ, ಡಿಎಪಿ ಎರಡಕ್ಕೂ ಅದೇ ತಾಯಿಬೇರು.

ಇದು ಹೊಸ ಮಾತೇನಲ್ಲ. ಪಂಜಾಬಿನ ನಂಗಲ್‌ನಲ್ಲಿ 1961ರಲ್ಲೇ ಭಾಕ್ರಾ ಅಣೆಕಟ್ಟೆಯ ಕರೆಂಟಿನಿಂದ ನೀರು ಒಡೆದು ಗೊಬ್ಬರ ಮಾಡಿದರು. ಆಮೇಲೆ ದೇಶ ಎಣ್ಣೆ, ಗ್ಯಾಸಿನ ಹಿಂದೆ ಹೋಯಿತು. ಇವತ್ತು ನಮ್ಮ ಯೂರಿಯಾ ಕಾರ್ಖಾನೆಗಳು ನಿಂತಿರುವುದು ಹೆಚ್ಚಾಗಿ ಹೊರದೇಶದ ಗ್ಯಾಸಿನ ಮೇಲೆ. 2025ರ ಮುಂಗಾರಿನಲ್ಲಿ ನಮ್ಮ ರಾಜ್ಯದ ರೈತರು ಯೂರಿಯಾಕ್ಕೆ ಸಾಲುಗಟ್ಟಿ ನಿಂತದ್ದು ಮರೆತುಹೋಯಿತೇ?

ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಹಸಿರು ಜಲಜನಕದ ಯೋಜನೆಗೆ 19,744 ಕೋಟಿ ರೂಪಾಯಿ ಮಂಜೂರು ಮಾಡಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಅದಕ್ಕೆ ಜಮೀನು ಬೇಕು. ಜಮೀನು ಯಾರದು? ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕು ಎದ್ದಿದೆ. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಅದು ಜಾಣತನ. ಆದರೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಎರಡು ವರ್ಷಕ್ಕೊಮ್ಮೆ ಏರುವುದು ನೂರಕ್ಕೆ 5 ಮಾತ್ರ. ಸಾಲದ ಬಡ್ಡಿ ಹೀಗೆ ನಿಧಾನಕ್ಕೆ ಏರುತ್ತದೆಯೇ? ಜಮೀನಿಲ್ಲದ ಕೂಲಿಯವನಿಗಂತೂ ಬಾಡಿಗೆಯೇ ಇಲ್ಲ.

ಆದ್ದರಿಂದ ನಮ್ಮ ಒತ್ತಾಯ ಮೂರು:

1. ಜಮೀನು ಗುತ್ತಿಗೆಗೇ ಹೊರತು ಕ್ರಯಕ್ಕಿಲ್ಲ. ಬಾಡಿಗೆಯ ಜೊತೆಗೆ ಮಾರಿದ ಪ್ರತಿ ಯೂನಿಟ್ಟಿನಲ್ಲೂ ರೈತನಿಗೆ ಪಾಲು ಬೇಕು.

2. ಜಲಜನಕದ ಕಾರ್ಖಾನೆ ನಮ್ಮ ಕೆರೆ, ಬೋರ್‌ವೆಲ್ ಮುಟ್ಟಕೂಡದು. ಬೇಕಾದರೆ ಕಡಲ ನೀರನ್ನು ಶುದ್ಧಿ ಮಾಡಿಕೊಳ್ಳಲಿ.

3. ಅಮೋನಿಯಾ ಹಡಗು ಹತ್ತುವ ಮುಂಚೆ ನಮ್ಮ ಗೊಬ್ಬರ ಕಾರ್ಖಾನೆ ಸೇರಲಿ. ಗ್ಯಾಸಿನದಕ್ಕಿಂತ ದುಬಾರಿ ಅಂತಾರೆ. ಇರಬಹುದು. ಆ ಭಾರವನ್ನು ರೈತನ ಸಾಲದ ಲೆಕ್ಕಕ್ಕೆ ಬರೆಯಬೇಡಿ.

ಗುತ್ತಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಊರವರೆಲ್ಲಾ ಕೂತು ಅದನ್ನು ಓದಿಸಿ ಕೇಳಿ. ಒಬ್ಬೊಬ್ಬರೇ ಹೋದರೆ ಅವರು ಹೇಳಿದ್ದೇ ಬೆಲೆ. ಒಟ್ಟಾಗಿ ಹೋದರೆ ನಾವು ಕೇಳಿದ್ದಕ್ಕೂ ಒಂದು ಬೆಲೆ ಉಂಟು.